ಸಾಹೇಬರ ಗಮನಕ್ಕೆ

ಕಂಪನಿಯೊಂದರಲ್ಲಿ ಯಾರು ಎಷ್ಟು ದೊಡ್ಡವರೆಂದು ತಿಳಿಯಲು ವಿಸಿಟಿಂಗ್ ಕಾರ್ಡ್ ನೋಡಬೇಕಾಗಿಲ್ಲ. ಅವರಿಗೊಂದು ಮೇಲ್ ಹಾಕಿ, ವಾಪಸು ಎಷ್ಟು ಅಕ್ಷರ ಬಂತೆಂದು ಎಣಿಸಿದರೆ ಸಾಕು. ಮೊನ್ನೆ ಸೇರಿದ ಟ್ರೈನಿ ಎರಡು ಪ್ಯಾರಾ ಬರೆಯುತ್ತಾನೆ: ಮೊದಲಿಗೊಂದು ಧನ್ಯವಾದ, ಕೊನೆಗೊಂದು ಧನ್ಯವಾದ, ನಡುವೆ ಕಲಿಯಲು ಅವಕಾಶ ಕೊಟ್ಟದ್ದಕ್ಕೆ ಇನ್ನೊಂದು. ಟೀಮ್ ಲೀಡ್ ಒಂದು ಸಾಲು ಬರೆಯುತ್ತಾಳೆ. ಮ್ಯಾನೇಜರ್ ‘ನೋಟೆಡ್’ ಎನ್ನುತ್ತಾರೆ. ಸೀನಿಯರ್ ಮ್ಯಾನೇಜರ್ ‘ಓಕೆ’ಯಲ್ಲೂ ಅರ್ಧ ಉಳಿಸಿ ‘ಕೆ’ ಎಂದು ಮುಗಿಸುತ್ತಾರೆ. ಡೈರೆಕ್ಟರ್ ಆದವರು ಅಕ್ಷರದ ಗೊಡವೆಯನ್ನೇ ಬಿಟ್ಟು ಹೆಬ್ಬೆಟ್ಟು ಒತ್ತುತ್ತಾರೆ. ಹಿಂದೆ ಶಾನುಭೋಗರ ಮುಂದೆ ಓದು ಬಾರದವರು ಒತ್ತುತ್ತಿದ್ದುದನ್ನು ಈಗ ಐಐಎಂ ಮುಗಿಸಿದವರು ಒತ್ತುತ್ತಿದ್ದಾರೆ, ಅಷ್ಟೇ ವ್ಯತ್ಯಾಸ. ಅದಕ್ಕೂ ಮೇಲಿನವರು, ಅಂದರೆ ವೈಸ್ ಪ್ರೆಸಿಡೆಂಟ್ ದರ್ಜೆಯವರು, ಅಕ್ಷರವನ್ನೂ ಬೆರಳನ್ನೂ ತೊರೆದು ಶೂನ್ಯದಲ್ಲಿ ನೆಲೆಸಿರುತ್ತಾರೆ. ಅಲ್ಲಮಪ್ರಭು ಏರಿದ ಶೂನ್ಯ ಸಿಂಹಾಸನಕ್ಕೂ ಇದಕ್ಕೂ ಸಂಬಂಧವಿಲ್ಲ. ಇದಕ್ಕೆ ಕೆಳಗೆ ಗಾಲಿಗಳಿವೆ, ಸೊಂಟಕ್ಕೆ ಮೆತ್ತೆಯಿದೆ.

ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಈ ಶೂನ್ಯಕ್ಕೆ ಬಹಳ ಒಳ್ಳೆಯ ವಾತಾವರಣವಿದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಎಚ್‌ಆರ್‌ನವರು ಹೇಳಿಕೊಡುತ್ತಾರೆ: ಇಲ್ಲಿ ಸರ್, ಮೇಡಂ ಎಲ್ಲ ಇಲ್ಲ, ಎಷ್ಟೇ ದೊಡ್ಡವರನ್ನೂ ಹೆಸರು ಹಿಡಿದೇ ಕರೆಯಬೇಕು. ಸರಿ, ಕರೆಯಬಹುದು. ಕರೆದರೆ ಓಗೊಡಬೇಕೆಂದು ಯಾವ ಪಾಲಿಸಿಯಲ್ಲೂ ಬರೆದಿಲ್ಲ. ಓಪನ್ ಡೋರ್ ಪಾಲಿಸಿಯೂ ಇದೆ. ಬಾಗಿಲು ತೆರೆದೇ ಇರುತ್ತದೆ, ಒಳಗೆ ಕುರ್ಚಿಯ ಬೆನ್ನಿಗೆ ಕೋಟೂ ನೇತಾಡುತ್ತಿರುತ್ತದೆ. ಕೋಟಿನೊಳಗಿನ ವ್ಯಕ್ತಿ ಮಾತ್ರ ‘ಬ್ಯಾಕ್ ಟು ಬ್ಯಾಕ್ ಮೀಟಿಂಗ್’ನಲ್ಲಿ. ಇಂಥವರನ್ನು ನಾನು ಈ ಬರಹದುದ್ದಕ್ಕೂ ಸಾಹೇಬರು ಎಂದೇ ಕರೆಯುತ್ತೇನೆ, ಹೆಸರಿಗೆ ಅವರು ತಿರುಗಿ ನೋಡುವುದಿಲ್ಲವಾದ್ದರಿಂದ. ಮೇಡಂಗಳೂ ಇದ್ದಾರೆ. ಈ ಒಂದು ವಿಷಯದಲ್ಲಿ ಲಿಂಗ ಸಮಾನತೆ ಸಂಪೂರ್ಣವಾಗಿ ಸಾಧನೆಯಾಗಿದೆ.

ಸಾಹೇಬರು ಸೋಮಾರಿಗಳೆಂದು ಕೆಳಗಿನವರು ಕ್ಯಾಂಟೀನಿನಲ್ಲಿ ಗೊಣಗುವುದುಂಟು. ಅದು ಶುದ್ಧ ತಪ್ಪು ತಿಳಿವಳಿಕೆ. ಸಾಹೇಬರ ಬೆರಳಿಗೆ ಇರುವ ಚುರುಕು ಪಿಟೀಲು ವಿದ್ವಾಂಸರಿಗೂ ಇಲ್ಲ. ನ್ಯೂಜೆರ್ಸಿಯ ದೊಡ್ಡ ಸಾಹೇಬರು ರಾತ್ರಿ ಹನ್ನೊಂದೂವರೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸಿದರೆ ನಮ್ಮ ಸಾಹೇಬರಿಂದ ಹನ್ನೊಂದು ಮೂವತ್ತೊಂದಕ್ಕೆ ಮೂರು ಪ್ಯಾರಾ, ಒಂದು ಗ್ರಾಫು, ಜೊತೆಗೆ ‘ಗ್ರೇಟ್ ಕ್ವೆಶ್ಚನ್’ ಎಂಬ ಪ್ರಶಂಸೆ ಹೋಗಿರುತ್ತದೆ. ಲಿಂಕ್ಡ್‌ಇನ್‌ನಲ್ಲಿ ವಾರಕ್ಕೊಮ್ಮೆ ‘ಆಲಿಸುವುದೇ ನಾಯಕತ್ವ’ ಎಂಬ ಅರ್ಥದ ಬರಹ ಬರುತ್ತದೆ, ಅದರ ಕೆಳಗೆ ಅಪರಿಚಿತರು ಹಾಕಿದ ಪ್ರತಿಯೊಂದು ಕಾಮೆಂಟಿಗೂ ಸಾಹೇಬರು ಕೈಜೋಡಿಸಿ ವಂದಿಸಿರುತ್ತಾರೆ. ಅವರ ಫೋನು ಕೆಟ್ಟಿಲ್ಲ, ಇಂಟರ್ನೆಟ್ ಹೋಗಿಲ್ಲ, ಸಮಯವೂ ಇದೆ. ಉತ್ತರವೆಂಬುದು ಅವರಲ್ಲಿ ಮೇಲ್ಮುಖವಾಗಿ ಮಾತ್ರ ಹರಿಯುತ್ತದೆ. ಹಾಗಾಗಿ ಅವರ ಮೌನವನ್ನು ಕೆಲಸದ ಕೊರತೆ ಎನ್ನಬಾರದು, ಅದೇ ಅವರ ಕೆಲಸ. ಅವರು ಅದಕ್ಕೇ ಸಂಬಳ ಪಡೆಯುತ್ತಾರೆ.

ಹೇಗೆಂದು ನೋಡಬೇಕಾದರೆ ಒಂದು ಸಣ್ಣ ಪ್ರಸಂಗ ಸಾಕು. ಇದು ಎಲ್ಲ ಕಂಪನಿಯಲ್ಲೂ ನಡೆಯುತ್ತದೆ, ಬೇಕಾದ ಹೆಸರು ಹಾಕಿಕೊಳ್ಳಿ. ವೆಬ್‌ಸೈಟುಗಳಿಗೆ ಭದ್ರತೆಯ ಸರ್ಟಿಫಿಕೇಟ್ ಎಂಬುದೊಂದಿದೆ. ಬ್ರೌಸರ್‌ನಲ್ಲಿ ವಿಳಾಸದ ಪಕ್ಕ ಬೀಗದ ಗುರುತು ಕಾಣಿಸುತ್ತಿತ್ತಲ್ಲ, ಅದರ ಹಿಂದಿನ ಕಾಗದಪತ್ರ. ಅದಕ್ಕೆ ಅವಧಿಯಿದೆ, ಮುಗಿಯುವ ಮುನ್ನ ನವೀಕರಿಸಬೇಕು. ಖರ್ಚು ಸಾಹೇಬರ ಒಂದು ದಿನದ ಕ್ಯಾಬ್ ಬಿಲ್ಲಿನಷ್ಟು. ಆದರೂ ಅದಕ್ಕೊಂದು ಒಪ್ಪಿಗೆ ಬೇಕು. ತಂಡದ ಹುಡುಗಿಯೊಬ್ಬಳು ಎರಡು ತಿಂಗಳು ಮುಂಚೆಯೇ ಮೇಲ್ ಹಾಕುತ್ತಾಳೆ. ಉತ್ತರವಿಲ್ಲ. ಮತ್ತೊಂದು ಹಾಕುತ್ತಾಳೆ. ಇಲ್ಲ. ಟೀಮ್ಸ್‌ನಲ್ಲಿ ಪಿಂಗ್ ಮಾಡುತ್ತಾಳೆ. ಸಾಹೇಬರ ಹೆಸರಿನ ಪಕ್ಕ ಹಸಿರು ಚುಕ್ಕೆ ಹೊಳೆಯುತ್ತಿದ್ದುದು ಪಿಂಗ್ ಬಿದ್ದ ಕ್ಷಣವೇ ಹಳದಿಗೆ ತಿರುಗುತ್ತದೆ. ವಾಟ್ಸ್‌ಆ್ಯಪ್ ಮಾಡುತ್ತಾಳೆ. ಎರಡು ಗೀಟು ಬೂದು ಬಣ್ಣದಲ್ಲೇ ಉಳಿಯುತ್ತವೆ, ಏಕೆಂದರೆ 2014ರ ನವೆಂಬರಿನಲ್ಲಿ ವಾಟ್ಸ್‌ಆ್ಯಪ್ ನೀಲಿ ಗೀಟು ತಂದಾಗ ಅತಿ ಹೆಚ್ಚು ಗಾಬರಿಯಾದವರು ಸಾಹೇಬರೇ. ಅದನ್ನು ಆರಿಸುವ ಸೌಲಭ್ಯ ಬಂದ ದಿನ ಅವರು ನೆಮ್ಮದಿಯಾಗಿ ಊಟ ಮಾಡಿದರು.

ಒಂದು ರಾತ್ರಿ ಹನ್ನೆರಡಕ್ಕೆ ಸರ್ಟಿಫಿಕೇಟಿನ ಆಯುಸ್ಸು ಮುಗಿಯುತ್ತದೆ. ಸೈಟು ತೆರೆದ ಗ್ರಾಹಕರಿಗೆಲ್ಲ ಇದು ಸುರಕ್ಷಿತವಲ್ಲ ಎಂಬ ಕೆಂಪು ಎಚ್ಚರಿಕೆ. ಹನ್ನೆರಡೂ ಹತ್ತಕ್ಕೆ ತುರ್ತು ಕಾಲ್. ಆಗ ನೋಡಬೇಕು, ಎಲ್ಲರಿಗಿಂತ ಮೊದಲು ಸೇರಿದವರು ಸಾಹೇಬರು! ಕ್ಯಾಮೆರಾ ಆನ್, ಗಂಟಲು ಸ್ವಚ್ಛ.

“ಇದು ನನ್ನ ಗಮನಕ್ಕೇ ಬಂದಿಲ್ಲ.”

“ಮೇಲ್ ಹಾಕಿದ್ದೆ ಸರ್, ಎರಡು ಸಲ.”

“ಮೇಲ್ ಹಾಕಿ ಕೂತ್ರೆ ಆಯ್ತೇನಮ್ಮಾ? ಇಷ್ಟು ಮುಖ್ಯವಾದ ವಿಷಯ, ಒಂದು ಫೋನ್ ಮಾಡ್ಬಾರ್ದಿತ್ತಾ?”

“ಫೋನೂ ಮಾಡಿದ್ದೆ ಸರ್.”

“ಮೀಟಿಂಗ್‌ನಲ್ಲಿದ್ದಾಗ ಫೋನ್ ಮಾಡಿದ್ರೆ ಹೇಗಮ್ಮಾ ತೆಗೀಲಿ? ಒಂದು ಮೇಲ್ ಹಾಕ್ಬಾರ್ದಿತ್ತಾ?”

ಮರುದಿನ ಮೂಲಕಾರಣದ ವರದಿ ಸಿದ್ಧವಾಗುತ್ತದೆ. ಮೂಲಕಾರಣ: ‘ತಂಡದ ಕಡೆಯಿಂದ ಫಾಲೋ-ಅಪ್ ಕೊರತೆ’. ಪರಿಹಾರ: ‘ತಂಡಕ್ಕೆ ಸಂವಹನ ಕೌಶಲದ ತರಬೇತಿ’. ಈ ವರದಿಗೂ ಸಾಹೇಬರ ಒಪ್ಪಿಗೆ ಬೇಕಿತ್ತು. ನಾಲ್ಕು ನಿಮಿಷದಲ್ಲಿ ಬಂತು.

ಈಗ ಲೆಕ್ಕ ಬಿಡಿಸಿ ನೋಡಿ. ಸಾಹೇಬರು ಹೌದು ಎಂದು ಬರೆದಿದ್ದರೆ ಖರ್ಚಿಗೆ ಅವರು ಹೊಣೆ. ಬೇಡ ಎಂದು ಬರೆದಿದ್ದರೆ ಅನಾಹುತಕ್ಕೆ ಅವರು ಹೊಣೆ. ಏನೂ ಬರೆಯದಿದ್ದರೆ? ಕೆಲಸ ಹೇಗೋ ನಡೆದುಹೋದಲ್ಲಿ ‘ನನ್ನ ತಂಡಕ್ಕೆ ನಾನು ಸ್ವಾತಂತ್ರ್ಯ ಕೊಟ್ಟಿದ್ದೇನೆ’. ಕೆಟ್ಟರೆ ‘ನನ್ನ ಗಮನಕ್ಕೆ ತಂದಿರಲಿಲ್ಲ’. ಎಲ್‌ಐಸಿಯವರ ಬಳಿಯೂ ಇಂಥ ಪಾಲಿಸಿ ಇಲ್ಲ. ಪ್ರೀಮಿಯಂ ಕಟ್ಟುವವರು ಕೆಳಗಿನವರು, ಪರಿಹಾರ ಸಿಗುವುದು ಮೇಲಿನವರಿಗೆ.

ಅಂದಹಾಗೆ, ಈ ಸರ್ಟಿಫಿಕೇಟ್‌ಗಳ ಆಯುಸ್ಸು 2020ರಿಂದ ಗರಿಷ್ಠ 398 ದಿನ ಇತ್ತು. ಜಗತ್ತಿನ ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಕೊಡುವವರೂ ಸೇರಿ 2025ರಲ್ಲಿ ಅದನ್ನು ಹಂತಹಂತವಾಗಿ ಇಳಿಸಲು ತೀರ್ಮಾನಿಸಿದ್ದಾರೆ. 2029ಕ್ಕೆ 47 ದಿನಕ್ಕೆ ಬರುತ್ತದೆ. ಆಗ ಸಾಹೇಬರ ಒಂದು ಒಪ್ಪಿಗೆ ಬರುವಷ್ಟರಲ್ಲಿ ಎರಡು ಸರ್ಟಿಫಿಕೇಟ್ ಹುಟ್ಟಿ ಬೆಳೆದು ತೀರಿಕೊಂಡಿರುತ್ತವೆ. ನವೀಕರಣವನ್ನು ಯಂತ್ರಕ್ಕೇ ವಹಿಸಿಬಿಡಿ ಎನ್ನುತ್ತಾರೆ ತಿಳಿದವರು. ಯಂತ್ರಕ್ಕೆ ವಹಿಸಲು ಒಂದು ಒಪ್ಪಿಗೆ ಬೇಕು.

ಈ ವಿದ್ಯೆಗೆ ದೊಡ್ಡ ಗುರುಪರಂಪರೆಯೇ ಇದೆ. ನೆಪೋಲಿಯನ್ ಇಟಲಿಯ ದಂಡಯಾತ್ರೆಯಲ್ಲಿದ್ದಾಗ, ತುರ್ತಿನವು ಬಿಟ್ಟು ಉಳಿದ ಪತ್ರಗಳನ್ನು ಮೂರು ವಾರ ಒಡೆಯಲೇಬೇಡ ಎಂದು ತನ್ನ ಕಾರ್ಯದರ್ಶಿ ಬೋರಿಯೆನ್‌ಗೆ ಹೇಳಿದ್ದನಂತೆ. ಮೂರು ವಾರದ ನಂತರ ನೋಡಿದರೆ ಬಹುಪಾಲು ಪತ್ರಗಳ ವಿಷಯ ತಾನಾಗಿಯೇ ಇತ್ಯರ್ಥವಾಗಿತ್ತು. ನಮ್ಮ ಸಾಹೇಬರು ಇಷ್ಟನ್ನು ನೆಪೋಲಿಯನ್‌ನಿಂದ ಕಲಿತಿದ್ದಾರೆ. ಇಟಲಿ ಗೆಲ್ಲುವುದೊಂದು ಬಾಕಿ. ಆಡಳಿತಶಾಸ್ತ್ರದ ಹಿರಿಯ ಚೆಸ್ಟರ್ ಬರ್ನಾರ್ಡ್ 1938ರ ತಮ್ಮ ಗ್ರಂಥದಲ್ಲಿ, ನಿರ್ಧರಿಸದೇ ಇರುವುದೂ ಅಧಿಕಾರಿಯ ಸೂಕ್ಷ್ಮ ಕಲೆ ಎಂಬರ್ಥದ ಮಾತು ಹೇಳಿದ್ದಾರೆ. ಪಾಪ, ಯಾವ ಯಾವ ಸಂದರ್ಭದಲ್ಲಿ ಎಂದು ಷರತ್ತುಗಳನ್ನೂ ಹಾಕಿದ್ದರು: ಇನ್ನೂ ಕಾಲ ಬಾರದ ವಿಷಯ, ಬೇರೆಯವರು ನಿರ್ಧರಿಸಬೇಕಾದ ವಿಷಯ ಹೀಗೆ. ಎಂಬಿಎ ತರಗತಿಯಲ್ಲಿ ಷರತ್ತುಗಳ ಪುಟಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆದಿರಬೇಕು.

ನಮ್ಮ ದೇಶದ ಉದಾಹರಣೆ ಇನ್ನೂ ಸೊಗಸು. 1986ರಲ್ಲಿ ಸಂಸತ್ತು ಭಾರತೀಯ ಅಂಚೆ ಕಚೇರಿ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿ ರಾಷ್ಟ್ರಪತಿ ಜೈಲ್ ಸಿಂಗ್ ಅವರಿಗೆ ಕಳಿಸಿತು. ಜನರ ಪತ್ರಗಳನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಮಸೂದೆ ಅದು. ಜೈಲ್ ಸಿಂಗ್ ಸಹಿಯೂ ಹಾಕಲಿಲ್ಲ, ವಾಪಸೂ ಕಳಿಸಲಿಲ್ಲ, ಸುಮ್ಮನೆ ಇಟ್ಟುಕೊಂಡರು. ಸಂವಿಧಾನದ 111ನೇ ವಿಧಿಯಲ್ಲಿ ಇಂತಿಷ್ಟು ದಿನದೊಳಗೆ ಎಂಬ ಗಡುವಿಲ್ಲ. ಊರಿನವರ ಪತ್ರ ಒಡೆದು ಓದಬೇಕೆಂದು ಹೊರಟವರ ಪತ್ರಕ್ಕೇ ಉತ್ತರ ಬರಲಿಲ್ಲ. ಮೌನದಿಂದ ನಾಡಿಗೆ ಒಳ್ಳೆಯದಾದ ಅಪರೂಪದ ಪ್ರಸಂಗವಿದು, ಹಾಗಾಗಿ ಇದನ್ನು ಸಾಹೇಬರಿಗೆ ಹೇಳಬೇಡಿ. ತಮ್ಮ ಇನ್‌ಬಾಕ್ಸನ್ನೂ ಪ್ರಜಾಪ್ರಭುತ್ವದ ರಕ್ಷಣೆಗೆ ಇಟ್ಟುಕೊಂಡಿದ್ದೇನೆ ಎಂದಾರು.

ಸಾಹೇಬರ ಅಭಿಮಾನಿಗಳು ಶ್ರವಣಬೆಳಗೊಳದ ಬಾಹುಬಲಿಯನ್ನು ಎಳೆದು ತರುವುದುಂಟು: ಕಾಲಿಗೆ ಬಳ್ಳಿ ಹಬ್ಬುವ ತನಕ ನಿಂತ ಮೌನ, ಅಚಲ ಶಾಂತಿ ಇತ್ಯಾದಿ. ಹೋಲಿಕೆಯಲ್ಲಿ ಒಂದು ತೊಡಕಿದೆ. ಬಾಹುಬಲಿ ಮೌನಕ್ಕೆ ನಿಂತದ್ದು ಗೆದ್ದ ರಾಜ್ಯವನ್ನು ಅಣ್ಣನಿಗೆ ಬಿಟ್ಟುಕೊಟ್ಟ ಮೇಲೆ. ಸಾಹೇಬರದು ರಾಜ್ಯ, ಕಾರು, ಸ್ಟಾಕ್ ಆಪ್ಷನ್ ಎಲ್ಲವನ್ನೂ ಇಟ್ಟುಕೊಂಡ ಮೌನ.

ಖಾಸಗಿಯವರು ಎಷ್ಟೇ ಮುಂದುವರಿದರೂ ಈ ಕಲೆಯ ತವರುಮನೆ ಸರ್ಕಾರಿ ಕಚೇರಿಯೇ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದೆ. ಕೆಂಗಲ್ ಹನುಮಂತಯ್ಯನವರು ನಿಷ್ಠೆಯಿಂದ ದುಡಿಯಿರೆಂಬ ಅರ್ಥದಲ್ಲಿ ಹಾಕಿಸಿದ್ದು. ಒಳಗಿನವರು ಅದನ್ನು ಬೇರೆ ರೀತಿ ಪಾಲಿಸುತ್ತಿದ್ದಾರೆ. ದೇವರು ಯಾವತ್ತಾದರೂ ಭಕ್ತನ ಅರ್ಜಿಗೆ ಲಿಖಿತ ಉತ್ತರ ಕೊಟ್ಟದ್ದುಂಟೇ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದಕ್ಕೆ ಬಾಗಿಲಲ್ಲಿ ಆಪ್ತ ಸಹಾಯಕರೂ ಇದ್ದಾರೆ.

“ಸಾಹೇಬ್ರು ಇದ್ದಾರಾ ಸಾರ್?”

“ಇದ್ದಾರೆ.”

“ಸಿಕ್ತಾರಾ?”

“ಇದ್ದಾರೆ ಅಂದ್ನಲ್ರೀ.”

ಕಡತದ ಮೇಲೆ ಸಾಹೇಬರು ಬರೆಯುವ ಶ್ರೇಷ್ಠ ಟಿಪ್ಪಣಿಯೆಂದರೆ ‘ಚರ್ಚಿಸಿ’. ನಾಲ್ಕು ಪುಟ ಕಂಡಿಕೆ ಬರೆದು, ನಿಯಮ ಉಲ್ಲೇಖಿಸಿ, ಹಿಂದಿನ ಆದೇಶಗಳಿಗೆ ಚೀಟಿ ಅಂಟಿಸಿ, ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಕಳಿಸಿದ ಕಡತ, ಹಸಿರು ಇಂಕಿನಲ್ಲಿ ‘ಚರ್ಚಿಸಿ’ ಎಂದು ಬರೆಸಿಕೊಂಡು ಇಳಿದು ಬರುತ್ತದೆ. ಚರ್ಚಿಸಲು ಹೋದರೆ ಸಾಹೇಬರು ಸಭೆಯಲ್ಲಿ. ಸಭೆ ಮುಗಿದರೆ ಪ್ರವಾಸ. ಪ್ರವಾಸ ಮುಗಿದರೆ ವರ್ಗಾವಣೆ. ಹೊಸ ಸಾಹೇಬರು ಬಂದು, ಹಿಂದಿನವರು ಏಕೆ ‘ಚರ್ಚಿಸಿ’ ಎಂದು ಬರೆದಿದ್ದರು ಎಂಬುದನ್ನು ಪರಿಶೀಲಿಸಲು ಸೂಚಿಸಿ, ಕೆಳಗೆ ‘ಚರ್ಚಿಸಿ’ ಎಂದು ಬರೆಯುತ್ತಾರೆ. ಈಗ ಇ-ಆಫೀಸ್ ಬಂದಿದೆ, ಕೆಂಪು ದಾರವಿಲ್ಲ, ಧೂಳಿಲ್ಲ. ಕಡತ ಯಾರ ಬಳಿ ಎಷ್ಟು ದಿನದಿಂದ ಇದೆಯೆಂದು ಪರದೆಯ ಮೇಲೇ ಕಾಣುತ್ತದೆ. ಮೊದಲು ಯಾರು ಉತ್ತರಿಸುತ್ತಿಲ್ಲ ಎಂಬುದು ಊಹೆಯಾಗಿತ್ತು, ಈಗ ತಂತ್ರಾಂಶವೇ ಅದಕ್ಕೆ ಪ್ರಮಾಣಪತ್ರ ಕೊಡುತ್ತದೆ.

ಹಾಗಿದ್ದೂ ಸಾರ್ವಜನಿಕರಿಗೆ ಸರ್ಕಾರದ ಮೌನದ ವಿರುದ್ಧ ಒಂದಿಷ್ಟು ಆಯುಧಗಳಿವೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 30 ದಿನದೊಳಗೆ ಉತ್ತರ ಬರದಿದ್ದರೆ ನಿರಾಕರಿಸಿದಂತೆಯೇ ಎಂದು ಭಾವಿಸಬೇಕು. ಮೇಲ್ಮನವಿ ಹಾಕಬಹುದು, ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಬೀಳಬಹುದು. ಕರ್ನಾಟಕದ 2011ರ ಸಕಾಲ ಕಾಯ್ದೆಯಲ್ಲಿ ಸೇವೆ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500. ಇಪ್ಪತ್ತು ರೂಪಾಯಿಗೆ ಏನು ಬರುತ್ತದೆ ಎಂದು ನಗುವವರು ನಗಲಿ. ಕಾನೂನು ಮೌನಕ್ಕೊಂದು ದರ ನಿಗದಿ ಮಾಡಿದ್ದು ಸಣ್ಣ ಸಂಗತಿಯಲ್ಲ. ಕಂಪನಿಗಳ ಸಾಹೇಬರ ಮೌನಕ್ಕೂ ಇದೇ ದರ ಹಾಕಿದರೆ ಅನೇಕ ತಂಡದವರು ಸಂಬಳದ ಹಂಗಿಲ್ಲದೆ ಬದುಕಬಹುದಿತ್ತು. ಅಲ್ಲಿ ಮೇಲ್ಮನವಿಗೆ ಒಂದು ಪ್ರಾಧಿಕಾರವಾದರೂ ಇದೆ, ಇಲ್ಲಿ ಮೇಲ್ಮನವಿ ಹೋಗುವುದೂ ಅದೇ ಸಾಹೇಬರ ಇನ್‌ಬಾಕ್ಸಿಗೆ.

ಆಯುಧವಿಲ್ಲದ ಜನ ಏನು ಮಾಡುತ್ತಾರೆ? ಸಾಹಿತ್ಯ ರಚಿಸುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಅದಕ್ಕೆ ನೆನಪೋಲೆ ಎನ್ನುತ್ತಾರೆ. ನೆನಪೋಲೆ-1, ನೆನಪೋಲೆ-2, ನೆನಪೋಲೆ-3, ಆಮೇಲೆ ಅರೆ ಸರ್ಕಾರಿ ಪತ್ರ. ಅಲ್ಲಿನ ಶೈಲಿ ಗಡಸು, ‘ಇದುವರೆವಿಗೂ ತಮ್ಮಿಂದ ಯಾವುದೇ ಮಾಹಿತಿ ಸ್ವೀಕೃತವಾಗಿರುವುದಿಲ್ಲ’ ಎಂದು ಎದೆ ಸೆಟೆಸಿ ನಿಲ್ಲುತ್ತದೆ. ಕಂಪನಿಯವರದು ಭಾವಗೀತೆ. ಮೊದಲನೆಯದು ‘ಜೆಂಟಲ್ ರಿಮೈಂಡರ್’, ಅಂದರೆ ಮಲಗಿದ ಮಗು ಏಳದಂತೆ ಕದ ತಟ್ಟುವುದು. ಎರಡನೆಯದರಲ್ಲಿ ತಪ್ಪು ತನ್ನದೇ ಎಂಬ ದೈನ್ಯ: ತಾವು ಬಿಜಿ ಇದ್ದೀರೆಂದು ಗೊತ್ತು, ಈ ಮೇಲ್ ಕಣ್ತಪ್ಪಿರಬಹುದು, ಇನ್‌ಬಾಕ್ಸಿನ ಮೇಲ್ಭಾಗಕ್ಕೆ ತರುತ್ತಿದ್ದೇನೆ ಅಷ್ಟೇ. ಮೂರನೆಯದರಲ್ಲಿ ಸಿಸಿ ಎಂಬ ಹೊಸ ಪಾತ್ರ ಪ್ರವೇಶಿಸುತ್ತದೆ. ಯಾರನ್ನು ಸಿಸಿಯಲ್ಲಿ ಹಾಕಬೇಕು ಎಂಬುದು ಚದುರಂಗದಷ್ಟೇ ಸೂಕ್ಷ್ಮ. ಸಮಾನಸ್ಕಂಧರನ್ನು ಹಾಕಿದರೆ ಬೆದರಿಕೆ, ಮೇಲಿನವರನ್ನು ಹಾಕಿದರೆ ದ್ರೋಹ, ಯಾರನ್ನೂ ಹಾಕದಿದ್ದರೆ ಆತ್ಮಹತ್ಯೆ. ನಾಲ್ಕನೆಯದನ್ನು ಯಾರೂ ಬರೆಯುವುದಿಲ್ಲ. ಅಷ್ಟರಲ್ಲಿ ವರ್ಷದ ಅಪ್ರೈಸಲ್ ಬಂದಿರುತ್ತದೆ, ಅದರಲ್ಲಿ ‘ತಾಳ್ಮೆ ಬೆಳೆಸಿಕೊಳ್ಳಬೇಕು’ ಎಂದು ಬರೆದಿರುತ್ತದೆ. ಸಾಹೇಬರು ಓದಿಲ್ಲವೆಂದು ಯಾರು ಹೇಳಿದ್ದು?

ಪಳಗಿದ ಕೈಗಳು ಬೇರೆ ದಾರಿ ಹಿಡಿಯುತ್ತವೆ. ಸಾಹೇಬರು ಪ್ರಶ್ನೆಗೆ ಉತ್ತರಿಸುವುದಿಲ್ಲ, ಆದರೆ ತಪ್ಪು ತಿದ್ದುವ ಸುಖವನ್ನು ಬಿಟ್ಟುಕೊಡುವುದಿಲ್ಲ. ಆದ್ದರಿಂದ ‘ಬಜೆಟ್ ಎಷ್ಟಿರಬೇಕು ಸರ್?’ ಎಂದು ಕೇಳಿ ವರ್ಷ ಕಾಯುವ ಬದಲು ‘ಬಜೆಟ್ 40 ಲಕ್ಷ ಎಂದು ತಾವು ಹೇಳಿದಂತೆ ನಮೂದಿಸಿದ್ದೇನೆ’ ಎಂದು ಬರೆಯಿರಿ. ಹತ್ತು ನಿಮಿಷದಲ್ಲಿ ‘25, ನಾಟ್ 40’ ಎಂದು ಬಂದೇ ತೀರುತ್ತದೆ, ಕೂಡಲೇ ಪ್ರಿಂಟ್ ತೆಗೆದಿಡಿ. ಇನ್ನೊಂದು ಮಾರ್ಗ ಲಿಫ್ಟು. ಹತ್ತನೇ ಮಹಡಿಯಿಂದ ಪಾರ್ಕಿಂಗ್‌ವರೆಗೆ ಸಾಹೇಬರು ತಪ್ಪಿಸಿಕೊಳ್ಳುವಂತಿಲ್ಲ ಎಂದು ಲೆಕ್ಕ ಹಾಕಿ ಕೆಲವರು ಹೊಂಚು ಹಾಕುತ್ತಾರೆ. ಬಾಗಿಲು ಮುಚ್ಚಿದ ಕೂಡಲೇ ಸಾಹೇಬರು ಮೊಬೈಲ್ ಕಿವಿಗಿಟ್ಟು ‘ಎಸ್, ಗೋ ಅಹೆಡ್’ ಎನ್ನುತ್ತಾರೆ. ಆ ಲಿಫ್ಟಿನಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು.

ಧೈರ್ಯಸ್ಥರ ಅಸ್ತ್ರ ಮೂರನೆಯದು. ‘ಶುಕ್ರವಾರ ಸಂಜೆಯೊಳಗೆ ತಮ್ಮಿಂದ ಏನೂ ಬರದಿದ್ದರೆ ಒಪ್ಪಿಗೆಯಿದೆಯೆಂದು ತಿಳಿದು ಮುಂದುವರಿಯುತ್ತೇವೆ.’ ಮೌನಂ ಸಮ್ಮತಿ ಲಕ್ಷಣಂ ಎಂಬ ಹಳೆಯ ಮಾತನ್ನು ಆಫೀಸಿಗೆ ತಂದ ಈ ವಾಕ್ಯಕ್ಕೆ ಇರುವ ಶಕ್ತಿ ಗಾಬರಿ ಹುಟ್ಟಿಸುವಂಥದು. ತಿಂಗಳುಗಟ್ಟಲೆ ಮಲಗಿದ್ದ ಸಾಹೇಬರು ಶುಕ್ರವಾರ ಐದೂ ಐವತ್ತೆಂಟಕ್ಕೆ ಎದ್ದು ಕೂರುತ್ತಾರೆ. ಏಕೆಂದರೆ ಈಗ ಸುಮ್ಮನಿದ್ದರೂ ಸಹಿ ಹಾಕಿದಂತೆ. ಮೌನದ ಒಳಗೇ ಯಾರೋ ಅವರ ಹೆಸರು ಬರೆದಿಟ್ಟಿದ್ದಾರೆ. ಉತ್ತರ ಬರುತ್ತದೆ, ವರ್ಷದಲ್ಲೇ ಅತಿ ವೇಗದ ಉತ್ತರ: ‘ಪ್ಲೀಸ್ ಹೋಲ್ಡ್. ಲೆಟ್ಸ್ ಡಿಸ್ಕಸ್.’ ವಿಧಾನಸೌಧದ ಹಸಿರು ಇಂಕು ಹೊರವರ್ತುಲ ರಸ್ತೆ ತಲುಪುವುದು ಹೀಗೆ.

ಹಾಗಾದರೆ ಸಾಹೇಬರನ್ನು ದಾಟಿ ಅವರ ಮೇಲಿನವರಿಗೇ ಬರೆದರಾಯಿತಲ್ಲ ಎನ್ನುತ್ತೀರಿ. ಇಲ್ಲಿ ನಗು ಸ್ವಲ್ಪ ಹೊತ್ತು ಬದಿಗಿರಲಿ. 2003ರ ಜನವರಿ 16ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಹಾರಿದ ಸುಮಾರು 82 ಸೆಕೆಂಡಿಗೆ ಇಂಧನ ತೊಟ್ಟಿಯ ಹೊದಿಕೆಯ ತುಂಡೊಂದು ಕಿತ್ತು ಎಡರೆಕ್ಕೆಗೆ ಬಡಿಯಿತು. ನಾಸಾದ ಎಂಜಿನಿಯರ್ ರಾಡ್ನಿ ರೋಚಾ, ರೆಕ್ಕೆಯನ್ನು ಪರೀಕ್ಷಿಸಲು ಗಗನಯಾತ್ರಿಗಳಿಗೆ ಹೇಳುತ್ತಾರೆಯೇ ಎಂದು ಕೇಳಿ ಮೇಲ್ ಹಾಕಿದರು. ಅದಕ್ಕೆ ಉತ್ತರ ಬರಲಿಲ್ಲ. ಹೊರಗಿನ ಸಂಸ್ಥೆಗಳಿಂದ ನೌಕೆಯ ಚಿತ್ರ ತೆಗೆಸಿಕೊಡಿರೆಂದು ಮತ್ತೆ ಬರೆದರು. ಬೇಡಿಯಾದರೂ ಪಡೆಯೋಣ ಎಂಬ ಅರ್ಥ ಬರುವ ಹಾಗೆ. ಆಡಳಿತದವರು ಚಿತ್ರ ಬೇಡವೆಂದರು. ಆಗ ಅವರು ಇದು ತಪ್ಪು, ಅಪಾಯಕಾರಿ ಎಂದು ಖಾರವಾಗಿ ಇನ್ನೊಂದು ಮೇಲ್ ಬರೆದರು, ಪ್ರಿಂಟ್ ತೆಗೆದು ಸಹೋದ್ಯೋಗಿಗೆ ತೋರಿಸಿದರು, ಮೇಲಕ್ಕೆ ಕಳಿಸಲಿಲ್ಲ. ತಮ್ಮ ಮೆಟ್ಟಿಲನ್ನು ದಾಟಿ ಬಹಳ ಮೇಲಿನವರಿಗೆ ಬರೆಯುವ ರೂಢಿ ಅಲ್ಲಿರಲಿಲ್ಲ. ಫೆಬ್ರುವರಿ 1ರಂದು ನೌಕೆ ಹಿಂದಿರುಗುವಾಗ ಒಡೆದು ಏಳೂ ಮಂದಿ ತೀರಿಕೊಂಡರು, ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರೂ. ಕಳಿಸದೇ ಉಳಿದ ಆ ಮೇಲ್ ಕೊನೆಗೆ ತನಿಖಾ ಮಂಡಳಿಯ ವರದಿಯಲ್ಲಿ ಅಚ್ಚಾಯಿತು. ಆಗ ಮೇಲಿನವರೆಲ್ಲ ಓದಿದರು.

ಇದಕ್ಕೆ ಮೂರು ವರ್ಷ ಮುಂಚೆ, 2000ದಲ್ಲಿ, ಮಾರಿಸನ್ ಮತ್ತು ಮಿಲಿಕನ್ ಎಂಬ ಇಬ್ಬರು ವಿದ್ವಾಂಸರು ಸಂಸ್ಥೆಗಳಲ್ಲಿನ ಮೌನದ ಬಗ್ಗೆ ಪ್ರಬಂಧ ಬರೆದು ಹೆಸರಾದರು. ಯಾರ ಮೌನ? ಕೆಳಗಿನವರದು. ನೌಕರರು ತಮಗೆ ಗೊತ್ತಿರುವ ತೊಂದರೆಗಳನ್ನು ಏಕೆ ಬಾಯಿ ಬಿಟ್ಟು ಹೇಳುವುದಿಲ್ಲ ಎಂಬುದು ಪ್ರಶ್ನೆ. ಮೇಲಿನವರ ಭಯ ಮತ್ತು ಪೂರ್ವಗ್ರಹಗಳೇ ಆ ವಾತಾವರಣ ಹುಟ್ಟಿಸುತ್ತವೆ ಎಂದು ಅವರು ವಾದಿಸಿದ್ದರು. ನಮ್ಮ ಕಂಪನಿಗಳು ಇದರಿಂದ ಕಲಿತದ್ದು ‘ಸ್ಪೀಕ್ ಅಪ್’ ಎಂಬ ತರಬೇತಿ. ಕೆಳಗಿನವರನ್ನೆಲ್ಲ ಹೋಟೆಲೊಂದಕ್ಕೆ ಕರೆದೊಯ್ದು ಧೈರ್ಯವಾಗಿ ಮಾತಾಡುವುದನ್ನು ಕಲಿಸುತ್ತಾರೆ. ಕಿವಿಗೆ ಚಿಕಿತ್ಸೆ ಬೇಕಾದಲ್ಲಿ ಬಾಯಿಗೆ ವ್ಯಾಯಾಮ. ತರಬೇತಿಯನ್ನು ಉದ್ಘಾಟಿಸಬೇಕಿದ್ದ ಸಾಹೇಬರು ಬರಲಾಗದೆ ವಿಡಿಯೊ ಸಂದೇಶ ಕಳಿಸಿರುತ್ತಾರೆ.

ಮತ್ತೊಂದು ತಮಾಷೆ. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಕರೆ, ಮೇಲ್‌ಗಳಿಂದ ದೂರವಿರುವ ಹಕ್ಕು ನೌಕರರಿಗೆ ಕಾನೂನಿನಲ್ಲಿದೆ. ನಮ್ಮ ಲೋಕಸಭೆಯಲ್ಲೂ ಸುಪ್ರಿಯಾ ಸುಳೆ ಇಂಥದೊಂದು ಖಾಸಗಿ ಮಸೂದೆ ಮಂಡಿಸಿದ್ದರು. ಸಂಜೆ ಏಳರ ಮೇಲೆ ಒಂದು ಗಂಟೆ ಉತ್ತರಿಸದೇ ಇರಲು ಬಡ ನೌಕರನಿಗೆ ಸಂಸತ್ತಿನ ಕಾಯ್ದೆ ಬೇಕು. ಬೆಳಗ್ಗೆ ಹತ್ತರಿಂದ ಸಂಜೆ ಏಳರವರೆಗೆ, ಕೆಲಸದ ಸಮಯದಲ್ಲೇ, ಆಫೀಸಿನಲ್ಲೇ ಕೂತು ಅದೇ ಹಕ್ಕನ್ನು ಅನುಭವಿಸಲು ಸಾಹೇಬರಿಗೆ ಒಂದು ಬಡ್ತಿ ಸಾಕು. ಇನ್ಫೊಸಿಸ್ ನಾರಾಯಣಮೂರ್ತಿಯವರು 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ದೇಶವೆಲ್ಲ ಎರಡು ಪಂಗಡವಾಗಿ ಜಗಳವಾಡಿತು. ಆ ಎಪ್ಪತ್ತರಲ್ಲಿ ಮೇಲಿನವರ ಒಪ್ಪಿಗೆಗೆ ಕಾಯುವ ಗಂಟೆಗಳು ಸೇರುತ್ತವೆಯೇ ಎಂದು ಯಾರೂ ಕೇಳಲಿಲ್ಲ. ಸೇರುವುದಾದರೆ ನಮ್ಮ ಹುಡುಗರು ಆ ಗುರಿಯನ್ನು ಎಂದೋ ದಾಟಿದ್ದಾರೆ.

ಸರ್ಟಿಫಿಕೇಟಿನ ಆ ಹುಡುಗಿ ಒಂದು ದಿನ ಬೇರೆ ಕೆಲಸ ಹುಡುಕಿಕೊಂಡು ರಾಜೀನಾಮೆ ಕೊಡುತ್ತಾಳೆ. ರಾಜೀನಾಮೆಗೂ ಪೋರ್ಟಲ್ ಇದೆ. ಅದರಲ್ಲೂ ‘ಮ್ಯಾನೇಜರ್ ಒಪ್ಪಿಗೆಗೆ ಬಾಕಿ’ ಎಂದು ತೋರಿಸುತ್ತದೆ. ಏಳನೇ ದಿನ ತಂತ್ರಾಂಶ ತಾನಾಗಿಯೇ ಒಪ್ಪಿಕೊಂಡುಬಿಡುತ್ತದೆ. ಇಡೀ ಕಂಪನಿಯಲ್ಲಿ ಸಾಹೇಬರ ಮೌನವನ್ನು ಸಮ್ಮತಿಯೆಂದು ತಿಳಿಯುವ ಅರ್ಜಿ ಇದೊಂದೇ. ಎಚ್‌ಆರ್‌ನಿಂದ ನಿರ್ಗಮನದ ಪ್ರಶ್ನಾವಳಿ ಬರುತ್ತದೆ: ನಿಮ್ಮ ಮ್ಯಾನೇಜರ್ ನಿಮ್ಮ ಮಾತನ್ನು ಎಷ್ಟರ ಮಟ್ಟಿಗೆ ಆಲಿಸುತ್ತಿದ್ದರು, ಒಂದರಿಂದ ಐದರೊಳಗೆ ಅಂಕ ಕೊಡಿ. ಸೊನ್ನೆ ಒತ್ತಲು ಅಲ್ಲಿ ಅವಕಾಶವಿಲ್ಲ. ಒಂದು ಒತ್ತಿ ಕಳಿಸಿದರೆ ತಕ್ಷಣ ಧನ್ಯವಾದ ಬರುತ್ತದೆ, ಜೊತೆಗೆ ಈ ವಿಳಾಸಕ್ಕೆ ಉತ್ತರಿಸಬೇಡಿ ಎಂಬ ಸೂಚನೆ.

ಕೊನೆಯ ದಿನ ಪ್ಯಾಂಟ್ರಿಯಲ್ಲಿ ಕೇಕು. ಸಾಹೇಬರು ಬರುತ್ತಾರೆ, ಸರಿಯಾದ ಸಮಯಕ್ಕೆ, ಕೈಯಲ್ಲಿ ಫೋನೂ ಇಲ್ಲದೆ. ಅವಳ ಹೆಸರನ್ನು ತಪ್ಪಿಲ್ಲದೆ ಹೇಳುತ್ತಾರೆ. ತಂಡಕ್ಕೆ ತುಂಬಲಾರದ ನಷ್ಟ ಎನ್ನುತ್ತಾರೆ, ಇಷ್ಟು ಅಸಮಾಧಾನವಿತ್ತೆಂದು ಒಂದು ಮಾತು ಮೊದಲೇ ಗಮನಕ್ಕೆ ತಂದಿದ್ದರೆ ಏನಾದರೂ ಮಾಡಬಹುದಿತ್ತು ಎನ್ನುತ್ತಾರೆ. ಕೇಕಿನ ತುಂಡು ಅವಳ ತಟ್ಟೆಗೆ ಹಾಕುತ್ತಾ ಹೇಳುತ್ತಾರೆ:

“ಟಚ್‌ನಲ್ಲಿರಮ್ಮಾ. ಆಗಾಗ ಒಂದು ಮೇಲ್ ಹಾಕ್ತಿರು.”